ಗುಟ್ಟು ಕಾಯುವ ಗೋಡೆ

ತುಳಸಿದಾಸ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ಇಷ್ಟೇ: "ಜಾನಕ್ಕ ಕೊಟ್ಟ ಶೆಟ್ಲಿ ಮೀನಿನ ಸಾರಿಗೆ ಉಪ್ಪು ಜಾಸ್ತಿ ಆಯ್ತು ನೋಡು."

ಕಂಪೌಂಡಿನ ಆಚೆಯಿಂದ ತಕ್ಷಣ ಉತ್ತರ ಬಂತು. "ನಾಳೆ ಕಡಿಮೆ ಹಾಕ್ತೆ, ದಾಸಣ್ಣ."

ತಪ್ಪು ಜಾನಕಿಯ ಕಿವಿಯದ್ದಲ್ಲ, ತುಳಸಿದಾಸನ ಗಂಟಲಿನದು. ಅವನ ಅಪ್ಪ, ಅಜ್ಜ ಎಲ್ಲ ಬೀಸುವ ಗಾಳಿಯಲ್ಲಿ ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಕೂಗಿ ಮಾತಾಡಿದವರು. ಪಾಲಾದಾಗ ದೋಣಿ ಅಣ್ಣನಿಗೆ ಹೋಯಿತು, ಗಂಟಲು ಇವನಿಗೆ ಬಂತು. ಕಾರವಾರದ ಕಚೇರಿಯಲ್ಲಿ ಅವನು ಫೋನ್ ಎತ್ತಿದರೆ ಪಕ್ಕದ ಮೇಜಿನವರು, "ಫೋನ್ ಯಾಕೆ ಮಾರಾಯಾ, ಕಿಟಕಿ ತೆಗೆದ್ರೆ ಸಾಕು" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. "ನನ್ನ ಹತ್ರ ಗುಟ್ಟು ಹೇಳೂದೂ ಒಂದೇ, ಬಸ್‌ಸ್ಟ್ಯಾಂಡಿನ ಮೈಕಲ್ಲಿ ಹೇಳೂದೂ ಒಂದೇ" ಎಂದು ತಾನೇ ಹೇಳಿಕೊಳ್ಳುತ್ತಿದ್ದ.

ಆದರೆ ಈ ಸಲ ನಗುವಂತಿರಲಿಲ್ಲ. ಮೀನುಗಾರರ ಸಹಕಾರಿ ಸಂಘದ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಿತ್ತು. ಒಂದು ಕಡೆ ನಿಂತವನು ಜಾನಕಿಯ ಗಂಡ ಕುಪ್ಪಣ್ಣ, ಬೋಟು ನಡೆಸುವ ಹಳೆಯ ತಾಂಡೇಲ, ಅವರ್ಸಾದಲ್ಲಿ ಇವರ ಮನೆಗೆ ಗೋಡೆಗೆ ಗೋಡೆ ನೆರೆ. ಇನ್ನೊಂದು ಕಡೆ ಹಾರವಾಡದ ಬಾಳಾ, ತುಳಸಿದಾಸನ ಹೆಂಡತಿ ವೈಜಯಂತಿಯ ಸ್ವಂತ ಅಣ್ಣ. ಅಪ್ಪನ ಸದಸ್ಯತ್ವ ತುಳಸಿದಾಸನ ಹೆಸರಿಗೆ ಬಂದಿದ್ದರಿಂದ ಅವನಿಗೂ ಒಂದು ವೋಟಿತ್ತು. ಆ ಒಂದನ್ನು ಅವನು ಇಬ್ಬರಿಗೂ ಕೊಟ್ಟು ಕೂತಿದ್ದ. ಕಪಟವೇನಲ್ಲ. ಎದುರು ನಿಂತವರಿಗೆ ಇಲ್ಲ ಎನ್ನುವುದು ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

ಬಾಳಾ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಮನೆಯಲ್ಲಿ ಎತ್ತಿದರೆ ಕುಪ್ಪಣ್ಣನಿಗೆ ಕೇಳುತ್ತದೆ. ಹಾಗಾಗಿ ತುಳಸಿದಾಸ ಫೋನ್ ಹಿಡಿದು ಸಮುದ್ರದ ಕಡೆ ಗಾಳಿಮರಗಳ ನಡುವೆ ಓಡುತ್ತಿದ್ದ. ಅವನಿಗೆ ಹೊಟ್ಟೆ ಸರಿ ಇಲ್ಲ ಎಂದು ಊರಲ್ಲಿ ಸುದ್ದಿಯಾಯಿತು. ಜಾನಕಿ ಕಷಾಯ ಕಳಿಸಿದಳು. ಅವನು ಅದನ್ನೂ ಕುಡಿದ.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಕರಿ ಬಟ್ಟೆಯ ಮೇಲೆ ಮರದ ಸಪೂರ ಪಟ್ಟಿಗಳನ್ನು ಸಾಲಾಗಿ ಕೂರಿಸಿದ ಪ್ಯಾನೆಲ್. ಗೋಡೆಗೆ ಅಂಟಿಸಿದರೆ ಸಾಕು. ಅದರ ಮುಂದೆ ಒಬ್ಬ ಹೆಂಗಸು ಕಾಫಿ ಕಪ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೇನೋ ಬರೆದಿತ್ತು. ತುಳಸಿದಾಸ ಅದರಲ್ಲಿ "ಸೈಲೆನ್ಸ್" ಎಂಬ ಒಂದೇ ಶಬ್ದ ಓದಿ ಆರ್ಡರ್ ಮಾಡಿದ.

ಭಾನುವಾರ ಬೆಳಿಗ್ಗೆ ಲಾರಿ ಬಂತು. ಓಣಿಯೊಳಗೆ ಬರಲಾಗದೆ ಹೆದ್ದಾರಿಯ ಬದಿಯಲ್ಲೇ ಸರಕು ಇಳಿಸಿ ಹೋಯಿತು. ಆಳೆತ್ತರ ಮೀರಿದ ಆ ಹಲಗೆಗಳನ್ನು ನೋಡುತ್ತ ತುಳಸಿದಾಸ ತಲೆ ಕೆರೆದುಕೊಳ್ಳುವಾಗ ಮೊದಲು ಓಡಿ ಬಂದವನೇ ಕುಪ್ಪಣ್ಣ.

"ಎಂಥದಾ ಇದು ದಾಸಾ, ಮೀನು ಒಣಗ್ಸೂ ತಟ್ಟಿಯಾ?"

"ಅಲ್ಲ ಕುಪ್ಪಣ್ಣ, ಗೋಡೆಗೆ ಹಚ್ಚೂದು. ಚೆಂದಕ್ಕೆ."

ನಿನ್ನ ಕಿವಿಗೆ ಅಡ್ಡ ಇಡಲಿಕ್ಕೆ ಎಂದು ಹೇಗೆ ಹೇಳುವುದು? ಕುಪ್ಪಣ್ಣ ಟವೆಲನ್ನು ಸಿಂಬಿ ಸುತ್ತಿ ಎರಡು ಹಲಗೆ ತಲೆಯ ಮೇಲಿಟ್ಟುಕೊಂಡ. ಕೇರಿಯವರನ್ನೆಲ್ಲ ಕರೆದ. ಬಲೆ ಎಳೆಯುವ ತಾಳದಲ್ಲಿ ಹೆಜ್ಜೆ ಹಾಕುತ್ತ ಮೆರವಣಿಗೆ ಮನೆ ತಲುಪಿತು.

ಬರಬೇಕಿದ್ದ ಬಡಗಿ ನಿತೇಶ ಬರಲಿಲ್ಲ. "ಅಂಕೋಲೆಯಲ್ಲಿ ಒಂದು ಬಾಗ್ಲು ಕೂರ್ತಾ ಇಲ್ಲ, ನೀವೇ ಶುರು ಮಾಡಿ" ಎಂದು ಫೋನಿನಲ್ಲಿ ಹೇಳಿದ.

"ಅವ ಯಾಕೆ? ಇಡೀ ಬೋಟು ಕಟ್ಟಿದ್ದು ನೋಡ್ದವ ನಾನು" ಎಂದ ಕುಪ್ಪಣ್ಣ. ನೋಡಿದ್ದಕ್ಕೂ ಕಟ್ಟಿದ್ದಕ್ಕೂ ಇರುವ ಅಂತರ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಮೊದಲ ಹಲಗೆ ಸ್ವಿಚ್‌ಬೋರ್ಡಿನ ಮೇಲೆಯೇ ಕೂತಿತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಇನ್ನು ಅದನ್ನು ನಿಲ್ಲಿಸುವ ದಾರಿ ಇರಲಿಲ್ಲ. ಎರಡನೆಯದಕ್ಕೆ ತುಳಸಿದಾಸ ಗೋಡೆಗೆ ದಪ್ಪಗೆ ಅಂಟು ಬಳಿದು, ಕೆಳಗೆ ಸುರಿದದ್ದನ್ನು ಒರೆಸಲು ಬಗ್ಗಿದ. ಫ್ಯಾನಿನ ಗಾಳಿಗೆ ಲುಂಗಿಯ ಅಂಚು ಹಾರಿ ಗೋಡೆಗೆ ಹತ್ತಿತು. ಅದೇ ಹೊತ್ತಿಗೆ ಕುಪ್ಪಣ್ಣ ಹಲಗೆ ತಂದು ಇಟ್ಟು, ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ಗುದ್ದಿ, "ಇನ್ನು ತೂಫಾನು ಬಂದ್ರೂ ಅಲುಗೂದಿಲ್ಲ" ಎಂದ.

ನಿಜ. ಹಲಗೆಯೂ ಅಲುಗಲಿಲ್ಲ, ತುಳಸಿದಾಸನೂ ಅಲುಗಲಿಲ್ಲ.

ಗೂಟಕ್ಕೆ ಕಟ್ಟಿದ ಕರುವಿನಂತೆ ಅವನು ಲುಂಗಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತ. ಸುದ್ದಿ ಕೇಳಿ ಹೆಂಗಸರೂ ಬಂದರು. ತೆಂಗಿನೆಣ್ಣೆ ಹಾಕಿ ಎಂದಳು ಜಾನಕಿ. ಬಿಸಿನೀರು ಎಂದರು ಒಬ್ಬರು. ಲುಂಗಿ ಬಿಚ್ಚಿದರೆ ಮುಗಿಯಿತಲ್ಲ ಎಂದರು ಇನ್ನೊಬ್ಬರು, ಆದರೆ ಯಾರೂ ಹೊರಗೆ ಹೋಗಲಿಲ್ಲ.

"ಟಿಕೆಟ್ ಇಟ್ಟಿದ್ರೆ ಪ್ಯಾನೆಲ್ಲಿನ ದುಡ್ಡು ಹುಟ್ಟುತ್ತಿತ್ತು" ಎಂದ ತುಳಸಿದಾಸ. ಕಡೆಗೆ ವೈಜಯಂತಿ ಕತ್ತರಿ ತಂದು ಗಂಡನನ್ನು ಗೋಡೆಯಿಂದ ಬೇರ್ಪಡಿಸಿದಳು. ನೀಲಿ ಚೌಕುಳಿಯ ಒಂದು ತುಂಡು ಪಟ್ಟಿಗಳ ಸಂದಿಯಿಂದ ಬಾವುಟದ ಹಾಗೆ ಹಾರಾಡುತ್ತ ಉಳಿಯಿತು.

ಸಂಜೆಯ ಹೊತ್ತಿಗೆ ಗೋಡೆಗಳೆಲ್ಲ ಮುಚ್ಚಿದವು, ಜನ ಮನೆಗೆ ಹೋದರು. ತುಳಸಿದಾಸ ಬಾಗಿಲು ಹಾಕಿ ಒಮ್ಮೆ ಚಪ್ಪಾಳೆ ತಟ್ಟಿದ. ಬರಿ ಟೈಲ್ಸಿನ ಆ ಹಾಲಿನಲ್ಲಿ ಮೊದಲು ಚಪ್ಪಾಳೆ ನಾಲ್ಕು ಸುತ್ತು ಹೊಡೆದು ಬರುತ್ತಿತ್ತು. ಈಗ ಹುಟ್ಟಿದಲ್ಲೇ ಸತ್ತಿತು. "ಹೋಯ್" ಎಂದು ಕೂಗಿದ. ದಿಂಬಿನಲ್ಲಿ ಮುಖ ಹುದುಗಿಸಿ ಕೂಗಿದಂತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಕ್ಕೆ ಅವನಿಗೂ ಒಂದು ಗುಟ್ಟು ಇಟ್ಟುಕೊಳ್ಳುವ ಯೋಗ ಬಂದಿತ್ತು.

ಅಷ್ಟರಲ್ಲಿ ಬಾಳಾನ ಫೋನು. ಕೈಯೆಲ್ಲ ಅಂಟಾಗಿದ್ದರಿಂದ ಬೆರಳ ಗೆಣ್ಣಿನಿಂದ ಒತ್ತಿ, ಸ್ಪೀಕರಿಗೆ ಹಾಕಿ, ಟೀಪಾಯಿಯ ಮೇಲಿಟ್ಟ.

"ಭಾವ, ನನ್ನ ವಿಷಯ ನೆನಪಿದೆಯಲ್ಲ?" ಎಂದ ಬಾಳಾ.

ತುಳಸಿದಾಸ ಗಂಟಲು ಬಿಚ್ಚಿದ. "ಭಾವ, ನನ್ನ ವೋಟು ನಿಂಗೇ. ಕುಪ್ಪಣ್ಣನಿಗೆ ಸಂಘ ನಡೆಸ್ಲಿಕ್ಕೆ ಬರ್ತದಾ? ಬೆಳಗಿಂದ ಒಂದು ಹಲಗೆ ನೆಟ್ಟಗೆ ಹಚ್ಚಲಿಕ್ಕೆ ಬರ್ಲಿಲ್ಲ ಅವನಿಗೆ. ಅವ ಅಧ್ಯಕ್ಷ ಆದ್ರೆ ಸಂಘದವ್ರ ಲುಂಗಿಯೂ ಉಳಿಯೂದಿಲ್ಲ."

ಜಗಲಿಯಲ್ಲಿ ಯಾರೋ ಕೆಮ್ಮಿದರು. ತುಳಸಿದಾಸ ಬಾಗಿಲು ತೆರೆದ. ಕುಪ್ಪಣ್ಣ ನಿಂತಿದ್ದ.

"ನನ್ನ ಸುತ್ತಿಗೆ ಇಲ್ಲೇ ಉಳೀತು, ತಕೊಂಡು ಹೋಗ್ವಾ ಅಂತ ಬಂದೆ" ಎಂದ. ಒಳಗೆ ಬಂದು, ತಾನೇ ಹಚ್ಚಿದ ಗೋಡೆಯನ್ನು ಸವರಿದ. "ಚೊಲೋ ವಸ್ತು ತಂದೆ ದಾಸಾ. ಮುಂಚೆ ನಿನ್ನ ಚಿಕ್ಕ ಮಾತು ಮಾತ್ರ ತಿಳೀತಿತ್ತು. ಉದ್ದ ಮಾತಾಡಿದ್ರೆ ಗುಂಯ್ ಅಂತ ಒಂದರ ಮೇಲೊಂದು ಬಿದ್ದು ಕಲಸಿ ಹೋಗ್ತಿತ್ತು. ಇವತ್ತು ಆ ಗುಂಯ್ ಸತ್ತು ಒಂದೊಂದು ಅಕ್ಷರ ರೇಡಿಯೋದಲ್ಲಿ ಬಂದ ಹಾಗೆ ಬಂತು."

ತುಳಸಿದಾಸ ತಲೆಯೆತ್ತಿ ನೋಡಿದ. ಇಡೀ ದಿನ ತನಗಾಗಿ ಹಲಗೆ ಹೊತ್ತವನ ತಲೆಯ ಮೇಲೆ ಇನ್ನೂ ಸಿಂಬಿಯ ಗುರುತಿತ್ತು. ಅಂಟುಗೈಯಲ್ಲೇ ಅವನ ಕೈ ಹಿಡಿದ.

"ಕುಪ್ಪಣ್ಣ, ಅದು ಬಾಯಿಮಾತು. ಹೆಂಡ್ತಿಯ ಅಣ್ಣ, ಇಲ್ಲ ಅಂದ್ರೆ ಈ ಮನೇಲಿ ನಂಗೆ ಗಂಜಿಯೂ ಸಿಗೂದಿಲ್ಲ. ಆ ಬಾಳಾನಿಗೆ ಎಂಥ ಗೊತ್ತದೆ? ಅವ ನಿಂತ ದೋಣಿಯೂ ಹಿಂದೆ ಹೋಗ್ತದೆ. ಸಮುದ್ರದಾಣೆ, ನನ್ನ ವೋಟು ನಿಂಗೇ."

ಕುಪ್ಪಣ್ಣ ಅವನ ಮುಖವನ್ನೇ ನೋಡಿದ. ಮೆಲ್ಲಗೆ ಮೀಸೆಯಡಿ ನಗು ಬಂತು. "ಹಾಗಾದ್ರೆ ಅಡ್ಡಿಲ್ಲ" ಎಂದು ಕೈ ಬಿಡಿಸಿಕೊಂಡು, ಸುತ್ತಿಗೆ ಎತ್ತಿಕೊಂಡು ಮೆಟ್ಟಿಲಿಳಿದ. ತುಳಸಿದಾಸ ಉಸಿರು ಬಿಟ್ಟು ಕುರ್ಚಿಗೆ ಕುಸಿದ.

"ಭಾವ," ಎಂದಿತು ಟೀಪಾಯಿ. "ನೀನು ಫೋನ್ ಇಡ್ಲೇ ಇಲ್ಲ."

ತುಳಸಿದಾಸ ಫೋನಿನ ಕಡೆ ಬಗ್ಗಿದ.

"ಎಲ್ಲಾ ಕೇಳ್ತು," ಎಂದ ಬಾಳಾ. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. "ಒಂಚೂರೂ ಗುಂಯ್ ಅನ್ನೂದಿಲ್ಲ, ಬಾಜೂಕೆ ಕೂತು ಹೇಳ್ದ ಹಾಗೇ ಅದೆ. ಒಮ್ಮೆ ವೈಜೂಗೆ ಕೊಡು ಫೋನು. ನೀನು ಹೇಳಿದ್ದೆಲ್ಲ ಅವಳಿಗೆ ತಿಳಿಸ್ಬೇಕು."

"ತಿಳಿಸೂದು ಬೇಡ ಅಣ್ಣ," ಎಂದು ಒಳಗಿನಿಂದ ವೈಜಯಂತಿಯ ಉತ್ತರ ಬಂತು. "ಅಡುಗೆಮನೆಗೂ ಚೊಲೋ ಕೇಳ್ತು."

ತುಳಸಿದಾಸ ಏನೋ ಹೇಳಲು ಬಾಯಿ ತೆರೆದ. ಗೋಡೆಯನ್ನೊಮ್ಮೆ ನೋಡಿ ಮುಚ್ಚಿದ.