ಕಿಡಿಬಾಯಿಯ ಮೊದಲ ಮೂರು ಆಲ್ಬಮ್ಮು

ಬೆಳಗಿನ ಪತ್ರಿಕೆಯಲ್ಲಿ ತಾವಿರುವ ಕಟ್ಟಡದ್ದೇ ಚಿತ್ರ ಕಂಡು ಒಂದನೇ ಮಹಡಿಯ ಹಲ್ಲಿನ ಡಾಕ್ಟರು ಲಿಫ್ಟಿನೊಳಗೆ ಕಂಬದ ಹಾಗೆ ನಿಂತುಬಿಟ್ಟರು. ಲಿಫ್ಟು ನೆಲಕ್ಕೆ ಬಂತು. ಲಿಫ್ಟಪ್ಪ ಕಬ್ಬಿಣದ ಜಾಲರಿ ಬಾಗಿಲನ್ನು ಕರಕರ ಎಂದು ಎಳೆದ. ಡಾಕ್ಟರು ಇಳಿಯಲಿಲ್ಲ.

"ಲಿಫ್ಟಪ್ಪ, ಆರನೇ ಮಹಡೀಲಿ ಬಾಡಿಗೆಗಿದ್ನಲ್ಲ, ರಾತ್ರಿಯೆಲ್ಲ ಗೋಡೆಗೆ ಬೈತಾ ಇದ್ದ ಹುಡುಗ, ಅವನೇ ಅಂತೆ ಕಿಡಿಬಾಯಿ."

ಕಿಡಿಬಾಯಿ ಎಂದರೆ ಯಾರೆಂದು ಲಿಫ್ಟಪ್ಪನಿಗೂ ಗೊತ್ತಿತ್ತು. ರ‍್ಯಾಪ್ ಹಾಡುವವನು. ಹಾಡುವುದೇನು, ತಾಳಕ್ಕೆ ಸರಿಯಾಗಿ ಬೈಯುವವನು. ಹೆತ್ತವ್ವನನ್ನು ಬೈದು ಒಂದು ಆಲ್ಬಮ್ಮು, ಕಲಿಸಿದ ಮೇಷ್ಟರನ್ನು ಬೈದು ಇನ್ನೊಂದು. ಅವನನ್ನು ಒಳಗೆ ಹಾಕಬೇಕೆಂದು ಅರ್ಧ ಊರು ಮೆರವಣಿಗೆ ಹೋಗುತ್ತಿತ್ತು. ಅವನ ಆಲ್ಬಮ್ಮಿಗಾಗಿ ಅರ್ಧ ಊರು ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಎರಡೂ ಕಡೆ ಬಹುಪಾಲು ಅದೇ ಮುಖಗಳು. ಆದರೆ ಕಿಡಿಬಾಯಿಯ ಮುಖ ತಾನು ದಿನಾ ಮೇಲಕ್ಕೆ ಹೊತ್ತೊಯ್ಯುತ್ತಿದ್ದ ಬಡಕಲು ಹುಡುಗನದು ಎಂದು ಲಿಫ್ಟಪ್ಪನಿಗೆ ಹೊಳೆದಿರಲಿಲ್ಲ. ಆಗ ಅವನಿಗೆ ಇಷ್ಟು ಗಡ್ಡವೂ ಇರಲಿಲ್ಲ, ಇಷ್ಟು ಚಿನ್ನವೂ ಇರಲಿಲ್ಲ.

ಡಾಕ್ಟರು ಮುಂದಕ್ಕೆ ಓದಿದರು. ಹೆಸರಾಗುವ ಮೊದಲು ಅವನು ಮಾಡಿದ ಮೂರು ಆಲ್ಬಮ್ಮುಗಳಿದ್ದವಂತೆ. 'ಕೆಳಗಿನವರು', 'ನಡುವಿನವರು', 'ಮೇಲಿನವರು'. ಆಗ ಯಾರೂ ಮೂಸಿ ನೋಡದ ಅವನ್ನೇ ಈಗ ಕಂಪನಿಯವರು ಒಂದು ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದಾರೆ. ಮೂರನೆಯದರ ಕೊನೆಯ ಹಾಡೊಂದನ್ನು ಬಿಟ್ಟರೆ ಮೂರೂ ಈ ಕಟ್ಟಡದಲ್ಲೇ ಹುಟ್ಟಿದವು, ಮೂರರಲ್ಲೂ ಇರುವವರು ಈ ಕಟ್ಟಡದವರೇ.

"ನನ್ನ ಬಗ್ಗೇನೂ ಇರುತ್ತಾ?" ಎಂದರು ಡಾಕ್ಟರು, ಕೆನ್ನೆ ಹಿಡಿದುಕೊಂಡು. ಒಮ್ಮೆ ಆ ಹುಡುಗನ ಹುಳುಕು ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲು ಕಿತ್ತಿದ್ದು ಅವರಿಗೆ ನೆನಪಾಗಿತ್ತು.

ಲಿಫ್ಟಪ್ಪನಿಗೆ ತನ್ನದೇ ಒಂದು ನೆನಪಾಗಿತ್ತು.

ಹುಡುಗ ಮನೆ ಖಾಲಿ ಮಾಡಿದ ದಿನ ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆಯೊಂದನ್ನು ಲಿಫ್ಟಿಗೆ ತಂದಿದ್ದ. ಸರಕಿಗೆ ಲಿಫ್ಟಿಲ್ಲ, ಮನುಷ್ಯರಿಗೆ ಮಾತ್ರ ಎಂದು ಲಿಫ್ಟಪ್ಪ ಬಾಗಿಲು ಎಳೆದುಕೊಂಡಿದ್ದ. ಹುಡುಗ ಅದನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದ. ಮೂರನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಕೈಜಾರಿ, ಉಳಿದ ಮೆಟ್ಟಿಲುಗಳನ್ನು ಅವನಿಗಿಂತ ಮೊದಲೇ ಇಳಿಯಿತು. ಹೋಗುವಾಗ ಹುಡುಗ ಒಂದೇ ಮಾತು ಹೇಳಿದ್ದ: "ನಿನ್ನನ್ನ ಮರೆಯಲ್ಲ ಮಾವ."

ಹೆತ್ತವ್ವನನ್ನೇ ಬಿಡದವನು ಲಿಫ್ಟಿನವನನ್ನು ಬಿಡುತ್ತಾನೆಯೇ?

ಬೇರೆ ದಿನವಾಗಿದ್ದರೆ ಬೈಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಅಂದೇ ಸಂಜೆ ಕೆಳಗಿನ ಹಾಲಿನಲ್ಲಿ ಕಟ್ಟಡದವರ ಸಭೆ. ಹಿಡಿ ತಿರುಗಿಸುವ ಈ ಮುದಿ ಲಿಫ್ಟನ್ನು ಕಿತ್ತು ಗುಂಡಿ ಒತ್ತುವ ಲಿಫ್ಟು ಹಾಕಿಸಬೇಕೋ ಬೇಡವೋ ಎಂಬುದೇ ಅಲ್ಲಿಯ ಮಾತು. ಗುಂಡಿ ಬಂದರೆ ಲಿಫ್ಟಪ್ಪ ಬೇಡ. ಲಿಫ್ಟಪ್ಪ ಬೇಡವಾದರೆ ಅವನೂ ಹೆಂಡತಿಯೂ ಸಂಸಾರ ಮಾಡಿಕೊಂಡಿರುವ ಮೆಟ್ಟಿಲ ಕೆಳಗಿನ ಕೋಣೆಯೂ ಇಲ್ಲ. ಇಷ್ಟು ದಿನ ಅವನನ್ನು ಉಳಿಸಿದ್ದು ಅವನ ಮೇಲಿನ ಪ್ರೀತಿಯಲ್ಲ. ಹೊಸ ಲಿಫ್ಟಿಗೆ ಯಾರೂ ಕೈ ಬಿಚ್ಚದೆ ಇದ್ದದ್ದು. ಇಂಥ ಹೊತ್ತಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಅವನ ಮಾನ ಹರಾಜಾದರೆ ಏನು ಗತಿ?

ಕೋಣೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ತೊಳೆಯುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಇವತ್ತೊಂದಿನ ಬಾಯಿಗೆ ಹೊಲಿಗೆ ಹಾಕ್ಕೊಂಡು ಮೇಲೆ ಕೆಳಗೆ ಓಡಾಡ್ಕೊಂಡಿರು," ಎಂದಳು.

ಅವಳು ಹಾಗೆನ್ನಲು ಕಾರಣವಿತ್ತು. ಲಿಫ್ಟಪ್ಪನ ಕೈ ಹಿಡಿ ತಿರುಗಿಸಿದ ಕೂಡಲೇ ಬಾಯಿಯೂ ತಿರುಗಲು ಶುರುವಾಗುತ್ತಿತ್ತು, ಎರಡಕ್ಕೂ ಒಂದೇ ತಂತಿ ಎಳೆದ ಹಾಗೆ. ಆದರೆ ಮುದಿ ಲಿಫ್ಟಿಗಿಂತ ಅವನ ಮಾತು ನಿಧಾನ. ಒಂದನೇ ಮಹಡಿಯ ಡಾಕ್ಟರಿಗೆ ಬಿಸಿಲು ಮಳೆಯ ಮಾತಷ್ಟೇ ದಕ್ಕುತ್ತಿತ್ತು. ನಾಲ್ಕನೇ ಮಹಡಿಯ ಇನ್ಶೂರೆನ್ಸ್ ದಂಪತಿಗೆ 'ಮೊನ್ನೆ ಏನಾಯ್ತು ಅಂದ್ರೆ' ಎನ್ನುವವರೆಗೆ. ಐದನೇ ಮಹಡಿಯ ಹೆಡ್‌ಮೇಡಂಗೆ, ಅಂದರೆ ಹೆಣ್ಣುಮಕ್ಕಳ ಶಾಲೆ ನಡೆಸಿ ನಿವೃತ್ತರಾಗಿ ಈಗ ಈ ಕಟ್ಟಡವನ್ನು ನಡೆಸುತ್ತಿರುವ ಅಧ್ಯಕ್ಷೆಗೆ, ಇನ್ನೊಂದಿಷ್ಟು. ಅವನ ಯಾವ ಕತೆಯೂ ಐದನೇ ಮಹಡಿಯೊಳಗೆ ಮುಗಿದದ್ದಿಲ್ಲ.

ಮಧ್ಯಾಹ್ನದೊಳಗೆ ಕಟ್ಟಡವೆಲ್ಲ ಗುಸುಗುಸು. ಲಿಫ್ಟು ಹತ್ತಿದವರೆಲ್ಲ ತಮ್ಮ ತಮ್ಮ ಪಾಪವನ್ನು ಎಣಿಸುತ್ತಿದ್ದರು. ಇನ್ಶೂರೆನ್ಸಿನವರು ಹುಡುಗನಿಗೆ ಕಟ್ಟಲಾಗದ ಪಾಲಿಸಿ ಮಾರಿದ್ದರು. ಹೆಡ್‌ಮೇಡಂ ಅವನ ಬೈಗುಳದಲ್ಲಿ ವ್ಯಾಕರಣ ತಪ್ಪಿದೆಯೆಂದು ಮೆಟ್ಟಿಲ ಮೇಲೆ ನಿಲ್ಲಿಸಿ ತಿದ್ದಿದ್ದರು. ಆದರೂ ಮೇಡಂ ಧೈರ್ಯವಂತೆ. ಆಲ್ಬಮ್ಮಿನ ಒಂದು ಪೆಟ್ಟಿಗೆ ಕಳಿಸಲು ಅಂಗಡಿಗೆ ಫೋನು ಮಾಡಿ ಹೇಳಿದ್ದರು. ಅದು ಮಧ್ಯಾಹ್ನ ಬರುತ್ತದೆ, ಸಂಜೆ ಸಭೆಯಲ್ಲಿ ಎಲ್ಲರೂ ಕೂತು ಕೇಳೋಣ, ಒಂದು ಕೆಟ್ಟ ಮಾತಿದ್ದರೂ ಕೋರ್ಟಿಗೆಳೆಯೋಣ ಎಂದರು.

ಆ ಪೆಟ್ಟಿಗೆ ಐದನೇ ಮಹಡಿ ತಲುಪಕೂಡದು ಎಂದು ಲಿಫ್ಟಪ್ಪ ತೀರ್ಮಾನಿಸಿದ.

ಕೊರಿಯರಿನವನು ಬಂದ. ಇಲ್ಲೇ ಕೊಡು, ನಾನೇ ಮುಟ್ಟಿಸುತ್ತೇನೆ ಎಂದರೆ ಅವನು ಒಪ್ಪಲಿಲ್ಲ. ಮೇಡಂ ರುಜುವೇ ಆಗಬೇಕಂತೆ. ಸರಿ, ಹತ್ತಿಸಿಕೊಂಡ. ಮೂರನೇ ಮಹಡಿ ದಾಟಿ ನಾಲ್ಕು ಬರುವ ಮೊದಲೇ ಹಿಡಿಯನ್ನು ನಡುವಿಗೆ ತಂದ. ಲಿಫ್ಟು ಗೋಡೆಗೆ ಮುಖ ಮಾಡಿಕೊಂಡು ನಿಂತಿತು.

"ಕೆಟ್ಟೋಯ್ತು," ಎಂದ ಲಿಫ್ಟಪ್ಪ, ದುಃಖದ ಮುಖ ಮಾಡಿ. "ಇನ್ನು ಸಾಯಂಕಾಲದ ತನಕ ಇದು ಏಳಲ್ಲ. ಕೈಯಿಂದ ತಿರುಗಿಸಿ ಕೆಳಗೆ ಇಳಿಸ್ತೀನಿ. ಪೆಟ್ಟಿಗೆ ವಾಪಸ್ ತಗೊಂಡು ಹೋಗಿ ನಾಳೆ ಬಾ."

ಅಷ್ಟರಲ್ಲಿ ನಾಲ್ಕನೇ ಮಹಡಿಯ ನಾಯಿ ಬೊಗಳಿತು. ಅದನ್ನು ಕೇಳಿ ದಂಪತಿ ಬಂದು ಜಾಲರಿಯಿಂದ ಇಣುಕಿದರು. ಮೇಲಿನಿಂದ ಹೆಡ್‌ಮೇಡಂ ಬಗ್ಗಿ, ಈ ಲಿಫ್ಟಿನ ಆಯಸ್ಸು ಮುಗಿಯಿತು, ಸಂಜೆ ಇದನ್ನೇ ಮೊದಲು ಮಾತಾಡೋಣ ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದರು. ತಾನು ಹೂಡಿದ ಆಟ ತನ್ನ ಕುತ್ತಿಗೆಗೇ ಬಂತಲ್ಲ ಎಂದು ಲಿಫ್ಟಪ್ಪ ಬೆವರಿದ.

ಕೊರಿಯರಿನವನಿಗೆ ಮಾತ್ರ ಯಾವ ಆತಂಕವೂ ಇರಲಿಲ್ಲ. ಅವನು ಕಿಡಿಬಾಯಿಯ ಹಳೆಯ ಭಕ್ತ. ಪೆಟ್ಟಿಗೆಯ ಮೇಲೆ ತಾಳ ಹಾಕುತ್ತ, ಈ ಮೂರನ್ನೂ ತಾನು ಹಳೇ ಕ್ಯಾಸೆಟ್ಟಿನಲ್ಲೇ ಕೇಳಿದ್ದೇನೆ, ಈಚಿನವು ಇವುಗಳ ಕಾಲ ಧೂಳಿಗೂ ಸಮವಿಲ್ಲ ಎಂದ. ಆಮೇಲೆ ಲಿಫ್ಟಿನ ಹಿಡಿಯನ್ನೂ ಲಿಫ್ಟಪ್ಪನ ಮುಖವನ್ನೂ ನೋಡಿ ಅವನ ಕಣ್ಣರಳಿತು.

"ಮಾವ, ಆ ಲಿಫ್ಟಿನವರು ನೀವೇನಾ? ಮೂರನೇ ಆಲ್ಬಮ್ಮಿನ ಕೊನೇ ಹಾಡು ಪೂರ್ತಿ ನಿಮ್ಮ ಮೇಲೇ. ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ."

ಒಂದಿಡೀ ಹಾಡು. ಕೇಳಿದವರ ಕಣ್ಣಲ್ಲಿ ನೀರು ಬರುವಂಥ ಬೈಗುಳ. ಲಿಫ್ಟಪ್ಪ ಹಾಗೇ ಹಿಡಿಯ ಮೇಲೆ ವಾಲಿದ. ಲಿಫ್ಟು ಹಿಂದೆಂದೂ ಇಲ್ಲದ ಹುರುಪಿನಿಂದ ಜಿಗಿದು ನೆಟ್ಟಗೆ ಐದನೇ ಮಹಡಿಗೆ ಹೋಗಿ ಹೆಡ್‌ಮೇಡಂ ಚಪ್ಪಲಿಯ ಎದುರು ನಿಂತಿತು. ಅವರು ರುಜು ಹಾಕಿ ಪೆಟ್ಟಿಗೆ ತೆಗೆದುಕೊಂಡರು.

ಸಂಜೆ ಹಾಲಿನಲ್ಲಿ ಕುರ್ಚಿಗಳು ತುಂಬಿದವು. ಮೇಜಿನ ಮೇಲೆ ಪ್ಲೇಯರು. ಲಿಫ್ಟಪ್ಪನಿಗೆ ಉಳಿದದ್ದು ಒಂದೇ ದಾರಿ. ಕಟ್ಟಡದ ಫ್ಯೂಸುಗಳೆಲ್ಲ ಅವನ ಕೋಣೆಯ ಗೋಡೆಯಲ್ಲಿದ್ದವು. ಮೇಡಂ ಮೊದಲ ಡಿಸ್ಕು ಹಾಕುತ್ತಲೇ ಹೋಗಿ ದೊಡ್ಡ ಫ್ಯೂಸು ಕಿತ್ತು ಜೇಬಿಗಿಳಿಸಿದ. ಹಾಲು ಕತ್ತಲಾಯಿತು. ಅವನು ನೆಮ್ಮದಿಯ ಉಸಿರು ಬಿಡುವ ಮೊದಲೇ ಗೋಡೆಯೊಳಗಿಂದ ಯಾರೋ ಚೀರಿದರು. ಲಿಫ್ಟಪ್ಪ ಇಲ್ಲವೆಂದು ತಾವೇ ಹಿಡಿ ತಿರುಗಿಸಿಕೊಂಡು ಕೆಳಗೆ ಬರುತ್ತಿದ್ದ ಹಲ್ಲಿನ ಡಾಕ್ಟರು ನಡುವೆ ನೇತಾಡುತ್ತಿದ್ದರು. ಒಂದೇ ಮಹಡಿ, ಆದರೂ ಮೆಟ್ಟಿಲು ಮುಟ್ಟದ ಮನುಷ್ಯ. ಅವರ ಹೆಂಡತಿಯೂ ಚೀರಿದರು. ಲಿಫ್ಟಪ್ಪ ಮತ್ತೆ ಫ್ಯೂಸು ಸಿಕ್ಕಿಸಿದ. ದೀಪ ಬಂತು, ಡಾಕ್ಟರು ಬಂದರು, ಕಿಡಿಬಾಯಿಯೂ ಬಂದ.

ಧಡ್ ಧಡ್ ಎಂದು ತಾಳ. ಅದರ ಮೇಲೆ ಆ ಬಡಕಲು ಹುಡುಗನ ಚೂಪು ದನಿ:

"ಊರ ಹಲ್ಲು ಕೀಳೋ ಡಾಕ್ಟ್ರ ಹಲ್ಲು ಲೋಟದ ನೀರಲ್ಲಿ,
ಕಟ್ಟಿಸ್ಕೊಂಡಿದ್ದು ಎದುರು ರಸ್ತೆ ವೈರಿ ಅಂಗ್ಡೀಲಿ."

ಮುಂದಿನ ಸಾಲು ಇಲ್ಲಿ ಬರೆಯುವಂಥದ್ದಲ್ಲ. ಡಾಕ್ಟರ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗೆ ಸಾಲಾಗಿ ಹೊಳೆಯುವ ಹಲ್ಲುಗಳನ್ನು ಹಾಲಿನವರೆಲ್ಲ ಮೊದಲ ಸಲ ಗಮನವಿಟ್ಟು ನೋಡಿದರು. ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ ಎಂದರು ಡಾಕ್ಟರು. ಗೊತ್ತಿರಲಿಲ್ಲ ಎಂದರು ಹೆಂಡತಿ.

ಎರಡನೇ ಆಲ್ಬಮ್ಮಿನಲ್ಲಿ ಇನ್ಶೂರೆನ್ಸ್ ದಂಪತಿ ಬಂದರು. ಒಬ್ಬರ ಸಂಗಡ ಒಬ್ಬರು ಮಾತು ಬಿಟ್ಟು ಎಷ್ಟೋ ಕಾಲವಾಯಿತು, ಏನು ಹೇಳುವುದಿದ್ದರೂ ನಾಯಿಯ ಮೂಲಕ ಎಂಬ ಹಾಡು. 'ಅವರಿಗೆ ಹೇಳೋ ನಾಯಿ, ಊಟಕ್ಕೆ ಬರ್ಲಿ' ಎಂಬುದೇ ಪಲ್ಲವಿ. ಊರೂರು ತಿರುಗಿ ಕುಟುಂಬ ಸೌಖ್ಯದ ಪಾಲಿಸಿ ಮಾರುವ ಗಂಡ ಬಿಳುಚಿಕೊಂಡ. ಹೆಂಡತಿ ಕಾಲ ಬಳಿಯ ನಾಯಿಗೆ, "ಇದನ್ನ ಹೊರಗೆ ಹೇಳಿದ್ದು ಯಾರು ಅಂತ ಕೇಳು ಅವರನ್ನ," ಎಂದಳು.

ಮೂರನೆಯದು ಹೆಡ್‌ಮೇಡಂದು. ಶಿಸ್ತಿನ ಮೂರ್ತಿ ಮಧ್ಯಾಹ್ನದ ಹೊತ್ತು ನೆಲದ ಮೇಲೆ ಲೋಟ ಬೋರಲು ಹಾಕಿ, ಅದಕ್ಕೆ ಕಿವಿಯಿಟ್ಟು ಮಲಗಿ ನಾಲ್ಕನೇ ಮಹಡಿಯ ಜಗಳ ಕೇಳುತ್ತಾರಂತೆ. ಗಂಡ ಹೆಂಡಿರು ಮಾತು ಬಿಟ್ಟ ಮೇಲೆ, 'ಕೆಳಗಿನವರು ಊರಲ್ಲಿಲ್ಲವಾ' ಎಂದು ಬೇಸರಪಟ್ಟು ಕೇಳಿದರಂತೆ. ಮೇಡಂ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು. ಹಾಲಿನಲ್ಲಿ ಯಾರ ಮುಖದಲ್ಲೂ ರಕ್ತವಿರಲಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಮಾತು ಆರನೇ ಮಹಡಿಗೆ ಹೇಗೆ ಹತ್ತಿತು ಎಂದು ಯಾರಿಗೂ ತಿಳಿಯಲಿಲ್ಲ.

ಲಿಫ್ಟಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ತನ್ನ ಸರದಿಗೆ ಕಾದ. ಬೈಯಲಿ, ಎಲ್ಲರನ್ನೂ ಬೈದಿದ್ದಾನಲ್ಲ, ಹತ್ತರಲ್ಲಿ ಹನ್ನೊಂದನೆಯವನಾಗಿ ಬೈಸಿಕೊಂಡರಾಯಿತು ಎಂದು ಮೊದಲ ಸಲ ಸ್ವಲ್ಪ ಧೈರ್ಯವೂ ಬಂತು.

ಕೊನೆಯ ಹಾಡಿನಲ್ಲಿ ತಾಳವೇ ಇರಲಿಲ್ಲ. ಕಿಡಿಬಾಯಿಯ ದನಿ ಮಗುವಿನ ದನಿಯಂತೆ ಮೆತ್ತಗಿತ್ತು.

"ಗುರುವೇ, ಲಿಫ್ಟಿನ ಮಾವನೇ, ಈ ಮೂರು ಆಲ್ಬಮ್ಮಿನ ಒಂದು ಮಾತೂ ನನ್ನದಲ್ಲ.
ನೀನು ಹೇಳ್ದೆ, ನಾನು ತಾಳ ಹಾಕ್ದೆ. ಕತೆ ಮುಗಿಯೋ ತನಕ ಕೇಳಿದ್ದು ನಾನೊಬ್ನೇ, ಆರನೇ ಮಹಡಿಯವನು.
ಪೆಟ್ಟಿಗೆ ಹೊರಿಸ್ದೆ, ಬಿದ್ದು ಒಡೀತು. ಆ ಒಡಕು ಸದ್ದೇ ಇವತ್ತು ನನ್ನ ಸದ್ದು.
ನಿನ್ನನ್ನ ಮರೆಯಲ್ಲ ಅಂದಿದ್ದೆ. ಮರೆತಿಲ್ಲ."

ಅದಾದ ಮೇಲೆ ಡಿಸ್ಕಿನೊಳಗೆ ಕರಕರ ಎಂದು ಜಾಲರಿ ಬಾಗಿಲು ಎಳೆದ ಸದ್ದು. ಹಾಲಿನವರೆಲ್ಲ ದಿನಾ ಕೇಳುವ ಸದ್ದು. ಹಿಂದೆಯೇ ಎಲ್ಲರೂ ದಿನಾ ಕೇಳುವ ದನಿ: "ಡಾಕ್ಟ್ರ ಹಲ್ಲಿನ ವಿಷ್ಯ ನಾನು ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ ಮತ್ತೆ."

ಆಲ್ಬಮ್ಮು ಮುಗಿಯಿತು. ಲಿಫ್ಟಪ್ಪ ಕಣ್ಣು ತೆರೆದಾಗ ಕುರ್ಚಿಗಳೆಲ್ಲ ಅವನ ಕಡೆ ತಿರುಗಿದ್ದವು. ಬೈಗುಳಕ್ಕೆ ಅವನು ಬೆಳಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಹೊಗಳಿಕೆಗೆ ಅವನಲ್ಲಿ ಯಾವ ಸಿದ್ಧತೆಯೂ ಇರಲಿಲ್ಲ.

ಇವನನ್ನು ಈ ಕ್ಷಣ ತೆಗೆಯಬೇಕು ಎಂದರು ಹೆಡ್‌ಮೇಡಂ. ಎಲ್ಲರೂ ಕೈ ಎತ್ತಿದರು, ನಾಯಿಯೊಂದನ್ನು ಬಿಟ್ಟು. ಹಾಗಾದರೆ ಹೊಸ ಲಿಫ್ಟಿಗೆ ದುಡ್ಡು ಎಂದು ಯಾರೋ ಕೇಳಿದರು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಡಾಕ್ಟರು ಸೂರು ನೋಡಿದರು. ಇನ್ಶೂರೆನ್ಸಿನವರು ನಾಯಿಯ ಕಿವಿ ತುರಿಸಿದರು. ಮೇಡಂ ತಮ್ಮ ಮಂಡಿಯನ್ನೊಮ್ಮೆ, ಮೆಟ್ಟಿಲುಗಳನ್ನೊಮ್ಮೆ ನೋಡಿ ಕೂತರು. ಎಲ್ಲರ ಜಿಪುಣತನ ಸೇರಿ ತನ್ನನ್ನು ಇನ್ನೊಮ್ಮೆ ಉಳಿಸಿತು ಎಂದು ಲಿಫ್ಟಪ್ಪ ಬೆಳಗಿನಿಂದ ಬಿಡದ ಉಸಿರು ಬಿಟ್ಟ.

ಬಾಗಿಲ ಬಳಿ ಇಬ್ಬರು ನಿಂತಿದ್ದರು. ನೀಲಿ ಅಂಗಿ, ಕೈಯಲ್ಲಿ ಅಳತೆಯ ಟೇಪು.

"ಇಲ್ಲಿ ಲಿಫ್ಟಿನ ಗುರುಗಳು ಅಂದ್ರೆ ಯಾರು?" ಎಂದು ಒಬ್ಬ ಕೇಳಿದ. ಕಿಡಿಬಾಯಿಯವರು ಕಳಿಸಿದ್ದಾರಂತೆ. ಆಲ್ಬಮ್ಮು ಚೆನ್ನಾಗಿ ಮಾರಾಟವಾಯಿತಂತೆ, ಗುರುಗಳ ಕೈ ಆ ಹಿಡಿ ತಿರುಗಿಸಿ ತಿರುಗಿಸಿ ನೋಯುತ್ತಿರುತ್ತದೆಂದು ಅವರಿಗೆ ಸದಾ ನೆನಪಂತೆ. ಅದಕ್ಕೇ ಗುಂಡಿ ಒತ್ತುವ ಹೊಸ ಲಿಫ್ಟು, ಪೂರಾ ಅವರದೇ ಖರ್ಚಿನಲ್ಲಿ, ಗುರುದಕ್ಷಿಣೆ.

"ಮೆಟ್ಟಿಲ ಕೆಳಗೊಂದು ಕೋಣೆ ಇದ್ಯಲ್ಲ, ಅದು ಮಾತ್ರ ಖಾಲಿ ಆಗ್ಬೇಕು," ಎಂದ ಇನ್ನೊಬ್ಬ. "ಮೆಶಿನ್ನು ಅಲ್ಲೇ ಕೂರೋದು."

ಹಾಲಿನಲ್ಲಿ ಅಂದು ಮೊದಲ ಬಾರಿಗೆ ನಗು ಕೇಳಿಸಿತು. ಡಾಕ್ಟರಂತೂ ಹಲ್ಲು ಉದುರುವ ಹೆದರಿಕೆಯನ್ನೂ ಮರೆತು ನಕ್ಕರು. ಬಾಗಿಲಲ್ಲಿ ನಿಂತಿದ್ದ ಲಿಫ್ಟಪ್ಪನ ಹೆಂಡತಿ ಮಾತ್ರ ನಗಲಿಲ್ಲ. "ಪುಣ್ಯಾತ್ಮ ಕೈಗೆ ವಿಶ್ರಾಂತಿ ಕೊಟ್ಟ. ಬಾಯಿಗೆ ಕೊಡ್ಬೇಕಿತ್ತು," ಎಂದು ಪಾತ್ರೆ ಕಟ್ಟಲು ಒಳಗೆ ಹೋದಳು.

ಮೇಲಿನವರೆಗೆ ಅಳೆಯಬೇಕು, ಒಮ್ಮೆ ಕರೆದುಕೊಂಡು ಹೋಗಿ ಎಂದರು ನೀಲಿ ಅಂಗಿಯವರು. ಲಿಫ್ಟಪ್ಪ ಮಂಕು ಬಡಿದವನ ಹಾಗೆ ಜಾಲರಿ ಎಳೆದು ಹಿಡಿ ತಿರುಗಿಸಿದ. ಲಿಫ್ಟು ಏಳತೊಡಗಿತು. ಒಂದನೇ ಮಹಡಿ ದಾಟುವವರೆಗೆ ತುಟಿ ಬಿಗಿಹಿಡಿದಿದ್ದ. ಆಮೇಲೆ ಒಮ್ಮೆ ಕೆಮ್ಮಿದ.

"ಎಷ್ಟನೇ ಮಹಡಿ ತನಕ ಬರ್ತೀರಿ?" ಎಂದು ಕೇಳಿದ.

"ಆರನೇದು," ಎಂದರು ಅವರು.

"ಹಾಗಾದ್ರೆ ಸರಿ," ಎಂದ ಲಿಫ್ಟಪ್ಪ. "ಈಗ ಕೆಳಗೆ ಸಭೇಲಿ ಏನಾಯ್ತು ಅಂದ್ರೆ..."