ನವಿಲು ಕುಡಿದ ನೀರು

ತಪ್ಪು ಇಲಿಯದು. ಮಾರುತೇಶ ಇವತ್ತಿಗೂ ಹಾಗೇ ಹೇಳುತ್ತಾನೆ. ಹೆತ್ತ ಅವ್ವನನ್ನು ಬೈಯೋಕಾಗುತ್ತದೆಯೇ?

ಅದು ಎರಡು ಸಾವಿರದ ನಾಲ್ಕನೇ ಇಸವಿ. ಮೊಳಕಾಲ್ಮೂರಿನ ಮಾರುತೇಶನಿಗೆ ಇಪ್ಪತ್ತಾರು ವಯಸ್ಸು, ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ, ತಲೆಯಲ್ಲಿ ಮಾತ್ರ ಕಾಳಗದ ಕಾರ್ಡು. ಚಿಪ್ಸ್ ಪೊಟ್ಟಣದೊಳಗೆ ಬರುತ್ತಿದ್ದ ಆ ಕಾರ್ಡುಗಳನ್ನು ಊರಿನ ಮಕ್ಕಳು ನಾಲ್ಕು ದಿನ ಆಡಿ ಎಸೆದಿದ್ದರು. ಮಾರುತೇಶ ಮತ್ತು ಅವನ ಗೆಳೆಯ, ಚಳ್ಳಕೆರೆಯ ಬೈಕ್ ಮೆಕ್ಯಾನಿಕ್ ಅಸ್ಲಂ ಮಾತ್ರ ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಒಬ್ಬೊಬ್ಬರಿಗೂ ನಲವತ್ತು ಕಾರ್ಡಿನ ಕಟ್ಟು. ಬೆಂಕಿ ಕಾರ್ಡು ಹೊಡೆಯುತ್ತದೆ, ಕಲ್ಲಿನದು ತಡೆಯುತ್ತದೆ, ನೀಲಿ ಬಣ್ಣದ ನೀರಿನ ಕಾರ್ಡು ಸತ್ತ ವೀರರನ್ನು ಎಬ್ಬಿಸುತ್ತದೆ. ಮೂರೂ ಹದವಾಗಿ ಬೆರೆತ ಕಟ್ಟಿಗೇ ಗೆಲುವು. ಮಾರುತೇಶನ ಹಣೆಬರಹವೋ ಏನೋ, ಯಾವ ಪೊಟ್ಟಣ ಹರಿದರೂ ಬೆಂಕಿಯೇ. ನಮ್ಮ ಸೀಮೆಯಲ್ಲಿ ಕಾರ್ಡಿನಲ್ಲೂ ನೀರಿಗೆ ಬರ! ಹಾಗಾಗಿ ಅಸ್ಲಂನನ್ನು ಅವನು ಒಂದು ಸಲವೂ ಸೋಲಿಸಿರಲಿಲ್ಲ.

ಒಂದೇ ಒಂದು ಸಲ ಗೆಲ್ಲಬೇಕು. ಉಣ್ಣುವಾಗ, ಲಾಳಿ ಎಸೆಯುವಾಗ, ನಿದ್ದೆಗಣ್ಣಿನಲ್ಲಿ, ಅದೊಂದೇ ಆಸೆ. ಅಸ್ಲಂನ ಮುಖ ಸಣ್ಣಗಾಗುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಬೇಕಾದರೆ ಟೀ ಕುಡಿಸಿ ಸಮಾಧಾನ ಮಾಡಬಹುದು.

ಕಾಲವೂ ಮೀರುತ್ತಿತ್ತು. ಗುರುವಾರ ಅಸ್ಲಂನ ನಿಕಾಹ್. ಅದಾದ ಮೇಲೆ ಕಾರ್ಡು ಮುಟ್ಟುವುದಿಲ್ಲ ಎಂದು ಅವನು ತಾಯಿ ಖಾತೂನ್ ಬೀಗೆ ಮಾತು ಕೊಟ್ಟಿದ್ದ. ಮದುವಣಗಿತ್ತಿ ಶಬಾನಾಳ ಸೀರೆ ಮಾರುತೇಶನ ಮಗ್ಗದಲ್ಲೇ ಇತ್ತು. ಅದನ್ನು ಒಯ್ಯಲು ತಾಯಿ, ಮಗ ಭಾನುವಾರ ಸಂಜೆ ಬರುವವರಿದ್ದರು. ಆಗಲೇ ಕೊನೆಯ ಆಟ. ಶನಿವಾರ ಮಾರುತೇಶ ಕೊಂಡ್ಲಹಳ್ಳಿಗೆ ಸೈಕಲ್ ತುಳಿದು, ಅಲ್ಲಿಯ ಹುಡುಗನೊಬ್ಬನಿಗೆ ಕೈಗಡಿಯಾರ ಬಿಚ್ಚಿಕೊಟ್ಟು, ಕೊರತೆಯಿದ್ದ ಕೊನೆಯ ನೀರಿನ ಕಾರ್ಡು ತಂದ. ಹದಿನಾಲ್ಕು ಬೆಂಕಿ, ಹದಿಮೂರು ಕಲ್ಲು, ಹದಿಮೂರು ನೀರು. ನಲವತ್ತನ್ನೂ ಗೋಡೆಯ ಗೂಡಿನಲ್ಲಿಟ್ಟು, ಕೈಮುಗಿದು ಮಲಗಿದ.

ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಹಿಡಿದು ಬಂದು ನೋಡಿದರೆ ಗೂಡಿನಲ್ಲಿ ಮೂವತ್ತಮೂರೇ ಕಾರ್ಡು. ಏಳು ನೀಲಿ ಮಾಯ.

"ಅವ್ವಾ! ಇಲ್ಲಿದ್ದ ಕಾರ್ಡೆಲ್ಲಿ?"

"ಅವಾ? ಮಗ್ಗಕ್ಕೆ ಹಾಕೀನಿ," ಎಂದಳು ರಂಗಕ್ಕ, ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತ. "ರಾತ್ರಿ ಹಾಳಾದ್ ಇಲಿ ಅಟ್ಟೆ ಕಡಿದು ಹಾಕೈತೆ ಕಣಪ್ಪ."

ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಅಟ್ಟೆಗಳು ಮಾಲೆಯಾಗಿ ತೂಗುತ್ತವೆ. ಆ ತೂತುಗಳು ಹೇಳಿದಂತೆ ಸೀರೆಯಲ್ಲಿ ಹೂವೋ ನವಿಲೋ ಮೂಡುತ್ತದೆ. ಇಲಿ ಕಡಿದ ಏಳು ಕಡೆ ರಂಗಕ್ಕ ಏಳು ನೀಲಿ ಕಾರ್ಡು ಅಂಟಿಸಿ, ಅಂದಾಜಿನ ಮೇಲೆ ತೂತು ಹೊಡೆದಿದ್ದಳು.

"ನಿನ್ ದೋಸ್ತನ ಮದ್ವೆ ಸೀರೆ ಕಣೋ! ಸಂಜೆಗೆ ಕೊಡ್ದಿದ್ರೆ ಮಾನ ಉಳೀತೈತಾ? ಎಂಥ ಗಟ್ಟಿ ರಟ್ಟು ನೋಡು!"

ಮಾರುತೇಶನಿಗೆ ಅಳುವೇ ಬಂತು. ಈಗ ಕಿತ್ತರೆ ಸೆರಗಿನ ನವಿಲು ಅರ್ಧಕ್ಕೇ ನಿಲ್ಲುತ್ತದೆ. ಸಂಜೆಯೊಳಗೆ ಸೆರಗು ಮುಗಿಸಿ ಕಾರ್ಡು ಬಿಡಿಸಿಕೊಳ್ಳುವುದೊಂದೇ ದಾರಿ. ಕಾರ್ಡಿನ ಮೂಲೆಯ ನಂಬರು ಕಂಡರೆ ಸಾಕು, ಹರಿದ ಕಾರ್ಡೂ ನಡೆಯುತ್ತದೆ ಎಂಬುದು ಗೆಳೆಯರಿಬ್ಬರ ಹಳೇ ಕಾನೂನು. ತೂತಾದರೇನು, ನೀರು ನೀರೇ!

ಮಗ್ಗದ ಗುಣಿಗೆ ಕಾಲಿಳಿಸಿ ಕೂತವನು ಮೈಮೇಲೆ ದೇವರು ಬಂದವನಂತೆ ತುಳಿಯತೊಡಗಿದ. ಒಂದೊಂದು ಸುತ್ತಿಗೂ ನೀಲಿ ಕಾರ್ಡುಗಳು ಮೇಲೆದ್ದು ಮುಖ ತೋರಿಸಿ ಹೋಗುತ್ತಿದ್ದವು. ಕೈಗೆ ಸಿಗದ ಅವುಗಳನ್ನು ಅವನು ಒಂದೊಂದಾಗಿ ಎಣಿಸಿಕೊಳ್ಳುತ್ತಿದ್ದ.

ಪಕ್ಕದ ಮನೆಯ ಜೋಗಪ್ಪ ಬೀಡಿ ಹಚ್ಚಿಕೊಂಡು ಬಂದ. "ಏನ್ಲೇ, ಭಾನುವಾರನೂ ಮಗ್ಗ? ಮೈಗೆ ಹುಷಾರೈತಾ?"

"ಬೆಳಕಿಗೆ ಅಡ್ಡ ನಿಲ್ಬ್ಯಾಡ್ರಿ ಮಾವಾ."

"ನವಿಲಿನ ಕತ್ತು ಸೊಟ್ಟಗೈತಲ್ಲೋ! ಬಿಚ್ಚಿ ನೇಯಿ."

ನಿಜ. ರಂಗಕ್ಕನ ಅಂದಾಜಿಗೆ ನವಿಲಿನ ಕತ್ತು ವಾಲಿತ್ತು. ಜೋಗಪ್ಪ ಬಿಡುತ್ತಾನೆಯೇ? ಬೀದಿಯ ನಾಲ್ಕು ಜನರನ್ನು ಕರೆದು ತೋರಿಸಿದ. ಆಮೇಲೆ ಸಹಾಯ ಮಾಡುತ್ತೇನೆಂದು ಜರಿ ಉಂಡೆ ಹಿಡಿದು, ಅದನ್ನು ಕೋಳಿ ಕೆದರಿದ ತಿಪ್ಪೆ ಮಾಡಿಟ್ಟ. ಸಿಕ್ಕು ಬಿಡಿಸಲು ಒಂದು ಗಂಟೆ ಹಿಡಿಯಿತು. ಮಾರುತೇಶ ಮಧ್ಯಾಹ್ನದ ಮುದ್ದೆಯನ್ನೂ ಮುಟ್ಟಲಿಲ್ಲ.

ಹೊರಗೆ ಅಸ್ಲಂನ ಬೈಕ್ ನಿಲ್ಲುವುದಕ್ಕೂ ಸೆರಗು ಮುಗಿಯುವುದಕ್ಕೂ ಸರಿಹೋಯಿತು. ಸೀರೆಯನ್ನು ಮಗ್ಗದಿಂದ ಕೊಯ್ದು ಅವ್ವನ ಕೈಗೆ ಕೊಟ್ಟವನೇ ಮಾರುತೇಶ ಬ್ಲೇಡು ಹಿಡಿದು ಅಟ್ಟೆಯ ಕಡೆ ನುಗ್ಗಿದ.

ಖಾತೂನ್ ಬೀ ಸೆರಗು ಬಿಡಿಸಿ ನೋಡಿದರು. ಬೈಗುಳ ಈಗ ಬಂತು, ಆಗ ಬಂತು ಎಂದು ಎಲ್ಲರೂ ಕಾದರು.

"ಯಾ ಅಲ್ಲಾ! ಎಷ್ಟು ನಾಚ್ಕೊಂಡೈತೆ ನೋಡ್ರಿ ನವಿಲು! ಥೇಟ್ ಮದುವಣಗಿತ್ತಿ! ರಂಗಕ್ಕಾ, ನನ್ನ ಮೂರೂ ಹೆಣ್ಮಕ್ಕಳಿಗೆ ಇಂಥದ್ದೇ ಬೇಕು. ರಂಜಾನ್ ಹಬ್ಬಕ್ಕೆ ಕೊಡ್ರಿ. ಒಂದೆಳೆನೂ ಬದಲಾಗ್ಬಾರ್ದು ಮತ್ತೆ!"

ರಂಗಕ್ಕ ಮಗನ ಕೈಯಿಂದ ಬ್ಲೇಡು ಕಸಿದಳು. "ಮುಟ್ಟೀಯಾ, ಜೋಕೆ! ಅಂದಾಜಿನ ಮ್ಯಾಲೆ ಹೊಡ್ದಿರೋ ತೂತು. ಇನ್ನೊಂದ್ಸಲ ಹೊಡಿ ಅಂದ್ರೆ ನಂಗೂ ಬರಲ್ಲ."

ಮಾರುತೇಶ ಜಗಲಿಗೆ ಬಂದು ಕುಸಿದು ಕೂತ. ನಡೆದದ್ದೆಲ್ಲ ಕೇಳಿ ಅಸ್ಲಂಗೂ ಕರುಳು ಚುರ್ ಎಂದಿತು. ಅವನು ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ತನ್ನ ಕಟ್ಟು ತೆಗೆದ.

"ತಗೋಳೋ. ಗುರುವಾರದಿಂದ ನಂಗ್ಯಾಕೆ ಇದು? ನಿನ್ನಷ್ಟು ಆಸೆ ಇಟ್ಟೋರು ಇನ್ಯಾರವ್ರೆ? ಇವತ್ತಿಂದ ಇದು ನಿಂದು."

ಮಾರುತೇಶ ಎಣಿಸಿದ. ಹದಿನಾಲ್ಕು, ಹದಿಮೂರು, ಹದಿಮೂರು. ಎರಡು ವರ್ಷ ಕನಸಿನಲ್ಲಿ ಕಂಡ ಹದ! ಕಣ್ಣು ತುಂಬಿತು. ಚಕ್ಕಂಬಕ್ಕಳ ಹಾಕಿ, ಕಾರ್ಡು ಕಲಸಿ, ತೊಡೆ ತಟ್ಟಿದ.

"ಇವತ್ತು ನೀನು ಸತ್ತೆ ಮಗನೇ! ಹಾಕು ಮೊದಲ್ನೇ ಕಾರ್ಡು!"

ಅಸ್ಲಂ ಎರಡೂ ಬರಿಗೈ ತೋರಿಸಿದ. "ಯಾವ್ದನ್ನ ಹಾಕ್ಲಿ ದೋಸ್ತ್?"

ಇಬ್ಬರೂ ಗೂಡಿನ ಮೂವತ್ತಮೂರನ್ನೂ ತಂದು ಎರಡೆರಡು ಸಲ ಎಣಿಸಿದರು. ಒಟ್ಟು ಎಪ್ಪತ್ತಮೂರು. ಇಬ್ಬರು ಆಡಲು ಎಂಬತ್ತು ಬೇಕು. ಒಳಗೆ ರಂಗಕ್ಕ ಮಗ್ಗ ತುಳಿದು ನೋಡುತ್ತಿದ್ದಳು. ಮೇಲೆ ನೀಲಿ ಕಾರ್ಡೊಂದು ಇಣುಕಿ, ತಿರುಗಿ ಹೋಯಿತು.

ಜೋಗಪ್ಪ ಮತ್ತೆ ಬೀಡಿ ಹಚ್ಚಿಕೊಂಡು ಬಂದ. "ಏನ್ರಲೇ, ಆಟ ಮುಗೀತಾ? ಗೆದ್ದೋರ್ಯಾರು?"

"ನವಿಲು," ಎಂದ ಮಾರುತೇಶ.