ಬದುಕಿದ್ದವನಿಗೆ ನೀಲಿ ಬಳಿದ ಕಂಪ್ಯೂಟರಿಗೆ

ಸೊಲ್ಲಾಪುರ
ಡಿಸೆಂಬರ್ ೧೯೯೯

ನಮ್ಮ ಓಣಿಯ ತುದಿಯ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ವಿರಾಜಮಾನರಾಗಿರುವ ಕಂಪ್ಯೂಟರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಸವಿನಯ ನಮಸ್ಕಾರಗಳು. ತಮ್ಮ ಪರದೆ, ತಮ್ಮ ಕೀಲಿಮಣೆ ಮತ್ತು ಅವುಗಳ ಮೇಲೆ ಹೊದಿಸಿರುವ ಕಸೂತಿಯ ಬಟ್ಟೆ ಕ್ಷೇಮವೆಂದು ನಂಬಿದ್ದೇನೆ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ತಮ್ಮ ನೆತ್ತಿಗೆ ಹಚ್ಚಿದ ಕುಂಕುಮ ಇನ್ನೂ ಮಾಸಿಲ್ಲವೆಂಬುದನ್ನೂ, ಗಿರಾಕಿಗಳು ತಮ್ಮ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬರುತ್ತಾರೆಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಇಷ್ಟು ದೊಡ್ಡವರ ಮೇಲೆ ದೂರು ಹೇಳುವುದು ಉದ್ಧಟತನವೇ ಸರಿ, ಆದರೆ ಸ್ಟುಡಿಯೋದ ಮಾಲೀಕ ಆಶಿಷ ಅವರನ್ನು ಕೇಳಲು ಹೋದರೆ "ಅದೆಲ್ಲಾ ಕಂಪ್ಯೂಟರ ಮಾಡೂದರೀ ಕಾಕಾ, ನಮ್ಮ ಕೈಯಾಗ ಏನೈತಿ?" ಎಂದು ಕೈತೊಳೆದುಕೊಂಡದ್ದರಿಂದ ನೇರವಾಗಿ ತಮಗೇ ಬರೆಯಬೇಕಾಯಿತು.

ನಾನು ಶಿವಾನಂದ. ಕೆರೆ, ಒಡ್ಡು, ಬಂಧಾರೆಗಳ ನಕಾಶೆ ತಯಾರಿಸುವ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದು, ಈ ದೀಪಾವಳಿಗೆ ಮುಂಚೆ ನಿವೃತ್ತನಾದೆ. ಅಪ್ಪನ ನಿವೃತ್ತಿಗೆ ಏನಾದರೂ ಹೊಸ ತರಹದ್ದು ಮಾಡಬೇಕೆಂದು, ಅಕ್ಕಲಕೋಟೆಗೆ ಕೊಟ್ಟ ನನ್ನ ಮಗಳು ಶ್ರೀಲೇಖಾ ನನ್ನನ್ನು ಎಳೆದುಕೊಂಡು ತಮ್ಮ ಸ್ಟುಡಿಯೋಕ್ಕೆ ಬಂದಳು. ಅಲ್ಲಿ ರೋಲಿನ ಬದಲು ಫ್ಲಾಪಿ ನುಂಗುವ ಕ್ಯಾಮೆರಾದಲ್ಲಿ ನನ್ನನ್ನು ಹಿಡಿದರು. ಹೊಸ ಅಂಗಿ, ಹೊಸ ಕನ್ನಡಕ, ಕಚೇರಿಯವರು ಕೊಟ್ಟ ಹೊಸ ಕೈಗಡಿಯಾರ, ಎಲ್ಲ ಸೇರಿ ನಾನು ತಮ್ಮ ಪರದೆಯ ಮೇಲೆ ಮದುಮಗನಂತೆ ಕಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಪತ್ರದ ಪ್ರಸಂಗವೇ ಇರಲಿಲ್ಲ. ಮಗಳು "ಪಪ್ಪಾ, ಜುನಾ ಲುಕ್ ಕೊಡಸೂಣು, ಹಳೇ ಕಾಲದ ಫೋಟೋದಂಗ ಭಾರೀ ಕಾಣತೈತಿ" ಎಂದಳು, ತಾವು ಒಪ್ಪಿದಿರಿ.

ತಮ್ಮ ಕೌಶಲಕ್ಕೆ ತಲೆಬಾಗುತ್ತೇನೆ. ಹಿಂದಿನ ಕಾಲದಲ್ಲಿ ಕಾಗದಕ್ಕೆ ಕಬ್ಬಿಣದ ಉಪ್ಪಿನ ದ್ರಾವಣ ಬಳಿದು, ಬಿಸಿಲಿಗಿಟ್ಟು, ನೀರಲ್ಲಿ ತೊಳೆದರೆ ಮೂಡುತ್ತಿದ್ದ ಆ ನೀಲಿಗೆ ಸಾಯನೋಟೈಪ್ ಎನ್ನುತ್ತಾರಂತೆ. ತಾವು ಬಿಸಿಲೂ ಇಲ್ಲದೆ, ನೀರೂ ಇಲ್ಲದೆ ಅದನ್ನು ನನ್ನ ಮುಖಕ್ಕೆ ಇಳಿಸಿದಿರಿ. ಅಂಚುಗಳನ್ನು ಮಸುಕು ಮಾಡಿದಿರಿ, ಕೆನ್ನೆಯ ಮೇಲೆ ಒಂದು ಗೀರು ಎಳೆದಿರಿ, ಗೆದ್ದಲು ಮುಟ್ಟಿದಂತೆ ಮೂಲೆಯಲ್ಲಿ ಕಲೆಗಳನ್ನು ಉದುರಿಸಿದಿರಿ. ನಮ್ಮ ಕಚೇರಿಯ ನಕಾಶೆಗಳೂ ಇದೇ ನೀಲಿಯಲ್ಲಿರುತ್ತಿದ್ದವು. ಅಲ್ಲಿ ಅದು ಇನ್ನೂ ಕಟ್ಟದ ಕೆರೆಗಳಿಗೆ ಮೀಸಲಾಗಿತ್ತು. ಅದನ್ನು ಇನ್ನೂ ಸಾಯದ ಮನುಷ್ಯರಿಗೂ ವಿಸ್ತರಿಸಿದ ಶ್ರೇಯಸ್ಸು ತಮ್ಮದು.

ಕಟ್ಟು ಹಾಕಿಸಿ ತಂದ ಫೋಟೋಕ್ಕೆ ನಮ್ಮ ಪಡಸಾಲೆಯಲ್ಲಿ ಖಾಲಿ ಇದ್ದದ್ದು ಒಂದೇ ಮೊಳೆ, ಅದೂ ತೀರಿಕೊಂಡ ನನ್ನ ತಂದೆತಾಯಿಯರ ಫೋಟೋಗಳ ಪಕ್ಕ. ಮಗಳು ಅಲ್ಲಿಯೇ ತೂಗುಹಾಕಿ ಅಕ್ಕಲಕೋಟೆಯ ಬಸ್ಸು ಹತ್ತಿದಳು. ಮರುದಿನ ಹೂವಿನ ಗಂಗುಬಾಯಿ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಅಂದಿನಿಂದ ಎರಡು ಮಾಲೆಯ ಬದಲು ಮೂರು ತರತೊಡಗಿದಳು. ನನ್ನ ಹೆಂಡತಿ ಕುಮುದಿನಿ, ತಂದ ಹೂವು ಬಿಸಾಡಬಾರದೆಂಬ ಒಂದೇ ಸದುದ್ದೇಶದಿಂದ ಮೂರನೆಯದನ್ನು ನನಗೆ ಹಾಕಿದಳು. ನಾನು ಅದರ ಕೆಳಗೇ ಕೂತು ಚಹಾ ಕುಡಿಯುತ್ತ, ನಿವೃತ್ತಿಗೆ ಇಷ್ಟಾದರೂ ಮರ್ಯಾದೆ ಸಿಕ್ಕಿತೆಂದು ನಗುತ್ತಿದ್ದೆ.

ಇಲ್ಲಿಯವರೆಗೆ ನನ್ನದು ದೂರಲ್ಲ. ದೂರು ಇರುವುದು ನನ್ನ ಅಣ್ಣನ ವಿಷಯದಲ್ಲಿ.

ಅಣ್ಣ ಸಾತಲಿಂಗಪ್ಪ ಮಂಗಳವೇಢೆ ತಾಲೂಕಿನ ಮರವಡೆಯಲ್ಲಿ ಜೋಳದ ಹೊಲ ನೋಡಿಕೊಂಡಿದ್ದಾನೆ. ಶ್ರೀಲೇಖಾಳ ಮದುವೆಯಲ್ಲಿ ಹಿರಿಯನಾದ ಅವನಿಗೆ ಮೊದಲು ಮಾಡಬೇಕಾದ ಟೊಪಗಿ-ಟಾವೆಲ್ಲಿನ ಆಹೇರನ್ನು, ಅಂದರೆ ಮರ್ಯಾದೆಯ ಉಡುಗೊರೆಯನ್ನು, ಗದ್ದಲದಲ್ಲಿ ನನ್ನ ಹೆಂಡತಿಯ ಸೋದರಮಾವನಿಗೆ ಮೊದಲು ಮಾಡಿಬಿಟ್ಟೆವು. ಅಣ್ಣ ಎಲೆಯ ಮುಂದಿನಿಂದ ಎದ್ದು ಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಓಣಿ ಓಣಿಗೂ ಟಾವೆಲ್ಲು ನೇಯುವ ಊರಿನಲ್ಲಿದ್ದು ಒಂದು ಟಾವೆಲ್ಲಿಗೆ ಅಣ್ಣನನ್ನು ಕಳೆದುಕೊಂಡ ಜಾಣ ನಾನೊಬ್ಬನೇ ಇರಬೇಕು.

ಹೀಗಿರಲು, ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದ ಮರವಡೆಯವರೊಬ್ಬರು ತೆರೆದ ಬಾಗಿಲಿನಿಂದ ನಮ್ಮ ಗೋಡೆಯನ್ನೂ ಮಾಲೆಯನ್ನೂ ನೋಡಿ, ಒಳಗೆ ಬಂದು ಕೇಳುವ ಧೈರ್ಯವಾಗದೆ, ಸಂಜೆಯ ಬಸ್ಸಿಗೆ ಸುದ್ದಿಯನ್ನು ಊರಿಗೆ ಒಯ್ದರು. ಮರುದಿನ ಬೆಳಿಗ್ಗೆ ಅಣ್ಣ ಬಂದ. ಕುಮುದಿನಿ ಮಗಳ ಮನೆಗೆ ಹೋಗಿದ್ದಳು, ನಾನು ಬಚ್ಚಲಲ್ಲಿದ್ದೆ. ಯಾರೋ ಧೊಪ್ಪನೆ ಕುಳಿತ ಸದ್ದಾಯಿತು, ಆಮೇಲೆ ಆ ದನಿ ಕೇಳಿಸಿತು.

"ತಮ್ಮಾ, ಒಂದು ಟೊಪಗಿ-ಟಾವೆಲ್ಲಿನ ಸಲುವಾಗಿ ಮಾತು ಬಿಟ್ಟು ಕುಂತೆನಲ್ಲೋ. ನಿನ್ನ ಹೆಗಲ ಮ್ಯಾಲ ಹೊತ್ತು ಸಾಲಿಗಿ ಒಯ್ದಾಂವ ನಾನು. ಒಂದು ಸಲಾ ಬಾ ಅಣ್ಣಾ ಅಂದಿದ್ರ ಓಡಿ ಬರ್ತಿದ್ನಲ್ಲೋ. ನೀನೂ ಅನಲಿಲ್ಲ, ನಾನೂ ಬರಲಿಲ್ಲ."

ಮಾನ್ಯರೇ, ತಮ್ಮಲ್ಲಿ ದನಿ ಹಿಡಿದಿಡುವ ಸೌಕರ್ಯವೂ ಇದೆಯೆಂದು ಕೇಳಿದ್ದೇನೆ. ಆದರೆ ಆ ಮಾತು ನನ್ನ ಎದೆಯಲ್ಲಿ ಇಳಿದಂತೆ ತಮ್ಮ ಯಾವ ಫ್ಲಾಪಿಯಲ್ಲೂ ಇಳಿಯಲಾರದು. ಮೈತುಂಬ ಸಾಬೂನು ಹಚ್ಚಿಕೊಂಡವನು ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ. ಕೂಡಲೇ ಹೊರಗೆ ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಕೇಳದ ಮಾತು, ಇನ್ನೂ ಸ್ವಲ್ಪ ಕೇಳೋಣವೆಂಬ ಆಸೆಯಾಯಿತು. ಅಣ್ಣ ಬಾಲ್ಯದ್ದು ತೆಗೆದ, ಅವ್ವನ ರೊಟ್ಟಿಯದು ತೆಗೆದ, ನಾನು ಆ ಮನೆಯ ದೀಪವಾಗಿದ್ದೆನೆಂದ. ಎಲ್ಲ ಕೇಳಿ ಮುಗಿಸಿ, ಟಾವೆಲ್ಲು ಸುತ್ತಿಕೊಂಡು ಹೊರಗೆ ಬಂದು "ಅಣ್ಣಾ" ಎಂದೆ.

ಅವನು ನನ್ನನ್ನು ನೋಡಿದ, ಫೋಟೋ ನೋಡಿದ, ಮಾಲೆ ನೋಡಿದ. ಒಂದು ಗಳಿಗೆ ಅವನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಬಣ್ಣಿಸಲಾರೆ. ಆಮೇಲೆ ಆ ಮುಖ ಕೆಂಪಾಯಿತು. "ನನ್ನ ಕಣ್ಣೀರು ನೋಡಾಕ ನಾಟಕ ಹೂಡೀ ಏನು? ಒಳಗ ನಿಂತು ಎಲ್ಲಾ ಕೇಳೀ! ಇನ್ನ ನೀ ಖರೇನ ಸತ್ತರೂ ನಾ ಬರಾಂವಲ್ಲ" ಎಂದು ಹೊರಟೇಬಿಟ್ಟ. ಹಸಿ ಮೈಯಲ್ಲೇ ಓಣಿಯ ತಿರುವಿನವರೆಗೆ ಹಿಂದೆ ಹೋದೆ, ಅವನು ತಿರುಗಿ ನೋಡಲಿಲ್ಲ.

ಈಗ ನನ್ನ ಪರಿಸ್ಥಿತಿಯನ್ನು ತಾವೇ ಪರಾಂಬರಿಸಬೇಕು. ಬಾ ಅಣ್ಣಾ ಎಂದು ಪತ್ರ ಹಾಕಿದೆ, ಒಡೆಯದೆ ಹಿಂದಕ್ಕೆ ಬಂತು. ನನ್ನ ಸಾವಿಗೆ ಮರವಡೆಯಲ್ಲಿ ಇದ್ದ ಬೆಲೆಯನ್ನು ತಾವು ಮುಂಗಡವಾಗಿಯೇ ಖರ್ಚು ಮಾಡಿಸಿದಿರಿ. ನಾಳೆ ನಿಜವಾಗಿ ಹೋದಾಗ ಸುದ್ದಿ ಮುಟ್ಟಿದರೂ ಅವನು ಅದೂ ಫೋಟೋದ್ದೇ ಆಟವೆಂದು ಹೊಲಕ್ಕೆ ಹೋಗುತ್ತಾನೆ. ಆದಕಾರಣ, ತಮ್ಮ ಅಪಾರ ಸಾಮರ್ಥ್ಯದಲ್ಲಿ ವಿಶ್ವಾಸವಿಟ್ಟು ಬೇಡುವುದೇನೆಂದರೆ, ಇದ್ದವನನ್ನು ಸತ್ತವನಂತೆ ತೋರಿಸುವ ಬಣ್ಣ ತಮ್ಮಲ್ಲಿ ಇರುವಾಗ, ಇದ್ದವನನ್ನು ಇದ್ದವನಂತೆ ತೋರಿಸುವ ಬಣ್ಣವೂ ಯಾವುದೋ ಮೂಲೆಯಲ್ಲಿ ಇದ್ದೀತು, ಅದನ್ನು ಹುಡುಕಿ ಕೊಡಬೇಕು. ಅದಾಗದಿದ್ದರೆ, ಅಣ್ಣ ಬಾಗಿಲಿಗೆ ಬಂದ ಆ ಗಳಿಗೆಯನ್ನಾದರೂ ಹಿಂದಕ್ಕೆ ತಂದುಕೊಡಬೇಕು. ಹೊಸದನ್ನು ಹಳೆಯದು ಮಾಡುವವರಿಗೆ ಮೊನ್ನೆಯ ಒಂದು ಮುಂಜಾನೆ ದೊಡ್ಡದಲ್ಲ. ಅವನು ಮೊದಲ ಸಲ "ತಮ್ಮಾ" ಎಂದಾಗಲೇ ನಾನು ಸಾಬೂನು ಮೆತ್ತಿಕೊಂಡೇ ಹೊರಗೆ ಬರುತ್ತೇನೆ.

ಉತ್ತರಕ್ಕೆ ಕಾಯುವ ತಾಳ್ಮೆ ನನಗಿಲ್ಲ. ನಾಳೆ ಮಂಗಳವೇಢೆಯ ಬಸ್ಸು ಹಿಡಿಯುತ್ತಿದ್ದೇನೆ. ಅಣ್ಣ ಬಾಗಿಲು ತೆರೆಯದಿದ್ದರೆ ಅವನ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ, ಬೈಸಿಕೊಳ್ಳುವುದಕ್ಕಾದರೂ ಜೀವಂತ ಇರುವುದು ಒಳ್ಳೆಯದು.

ಸದ್ಯಕ್ಕೆ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಶಿವಾನಂದ

ತಾ.ಕ.: ಈ ವರ್ಷ ಮುಗಿದು ಎರಡು ಸಾವಿರ ಹುಟ್ಟುತ್ತಲೇ ತಮ್ಮ ಕುಲದವರೆಲ್ಲ ಅದನ್ನು ಸಾವಿರದ ಒಂಬೈನೂರು ಎಂದು ತಿಳಿದು ತಣ್ಣಗಾಗುತ್ತಾರೆಂದು ಪೇಪರಿನಲ್ಲಿ ಓದಿದೆ. ಹಾಗೇನಾದರೂ ಆಗಿ, ಆಶಿಷ ಅವರು ತಮ್ಮ ಮುಂದೆ ಕೂತು ನಾಲ್ಕು ಒಳ್ಳೆಯ ಮಾತು ಆಡತೊಡಗಿದರೆ, ದಯವಿಟ್ಟು ಮೊದಲನೆಯ ಮಾತಿಗೇ ಚಾಲೂ ಆಗಿಬಿಡಿ. ನಾಲ್ಕನ್ನೂ ಕೇಳಿಬಿಡೋಣವೆಂದು ಕಾಯಬೇಡಿ.